ಅಪ್ಪನ ನಾಯಿಯೊಡನೆ ಅಂಬಾಜಿದುರ್ಗಕ್ಕೆ

ಅಪ್ಪ ತೀರಿಕೊಂಡ ಮೇಲೆ ಅವರ ಕಂದು ನಾಯಿ ನಮ್ಮ ಮನೆಗೆ ಬಂತು. ಬಂತು ಅನ್ನುವುದಕ್ಕಿಂತ, ನಾವು ಕಟ್ಟಿ ತಂದೆವು. ಚಿಕ್ಕಬಳ್ಳಾಪುರದಲ್ಲೇ ನಾಲ್ಕು ಬೀದಿ ಆಚೆ ಅಪ್ಪನ ಬಾಡಿಗೆ ಮನೆ. ಎರಡು ಸಲ ಸರಪಳಿಯಿಂದ ಕತ್ತು ಬಿಡಿಸಿಕೊಂಡು ಹೋಗಿ, ಈಗ ಬೇರೆಯವರಿರುವ ಆ ಮನೆಯ ಮೆಟ್ಟಿಲ ಮೇಲೆ ಕೂತಿತ್ತು. ನಾನು ಕರೆದರೆ ಕಿವಿಯನ್ನಷ್ಟೇ ತಿರುಗಿಸುತ್ತಿತ್ತು, ಏಳುತ್ತಿರಲಿಲ್ಲ.

"ನಿನ್ನ ಮಾತು ಕೇಳಲ್ಲ ಕಣೇ ಇದು. ಯಾವಾಗ್ಲೂ ಕಟ್ಟಾಕೋದೂ ಪಾಪ. ಸಾದಲೀಲಿ ನಮ್ಮ ಚಿಕ್ಕಪ್ಪನ ತೋಟದಲ್ಲಿ ಬಿಟ್ಬಿಡಣ, ಅವ್ರು ಹೂಂ ಅಂದಿದಾರೆ" ಎಂದರು ನಮ್ಮ ಯಜಮಾನರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಒಂದೇ ಒಂದು ಕೇಳಿಕೊಂಡೆ. ಬಿಡುವ ಮೊದಲು, ಅಪ್ಪ ಅದನ್ನು ಕರೆದೊಯ್ಯುತ್ತಿದ್ದ ಕೋಟೆಗಳಿಗೆ ಒಮ್ಮೆ ಹೋಗಿ ಬರೋಣ.

ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಅಪ್ಪನಿಗೆ ಅದೊಂದು ಹುಚ್ಚು. ನಾಯಿಯನ್ನು ಸ್ಕೂಟರಿನ ಮುಂದೆ ಕೂರಿಸಿಕೊಂಡು, ಹಿಂದೆ ಕೋಟೆಯಿದ್ದ ಊರುಗಳಿಗೆ ಹೊರಟುಬಿಡುತ್ತಿದ್ದರು. "ನೀನೂ ಬಾಮ್ಮ ಒಂದಿನ" ಎನ್ನುತ್ತಿದ್ದರು. ಹಪ್ಪಳ ಒಣಹಾಕಿದ್ದೀನಿ, ಇವತ್ತು ಗ್ಯಾಸ್ ಬರುತ್ತೆ, ಮಕ್ಕಳಿಗೆ ಪರೀಕ್ಷೆ. ನನಗೆ ಯಾವಾಗಲೂ ಏನಾದರೊಂದು ಇರುತ್ತಿತ್ತು.

ಅಪ್ಪ ನಮ್ಮೊಡನೆ ಕನ್ನಡ, ನಾಯಿಗಳೊಡನೆ ತೆಲುಗು. ಅಜ್ಜಿಯ ಕಾಲದಿಂದಲೂ ನಮ್ಮಲ್ಲಿ ದನಕ್ಕೂ ನಾಯಿಗೂ ತೆಲುಗೇ. ಕನ್ನಡ ಆಡಿದರೂ ಸಿಸ್ಟರ್‌ಗಳು ಹುಬ್ಬು ಗಂಟಿಕ್ಕುತ್ತಿದ್ದ ನಮ್ಮ ಕಾನ್ವೆಂಟಿನ ಗೇಟಿನಲ್ಲಿ ಅಪ್ಪ ನಿಂತು, ಆಗಿನ ನಾಯಿಗೆ ಗಟ್ಟಿಯಾಗಿ "ದಾರಾ, ಇಂಟಿಕಿ ಪೋದಾಂ" ಎಂದರೆ ನಾನು ನಾಚಿಕೆಯಿಂದ ಶೂ ಲೇಸು ಕಟ್ಟುತ್ತಾ ಕೂರುತ್ತಿದ್ದೆ. ಬಾರೋ, ಮನೆಗೆ ಹೋಗೋಣ. ಅಷ್ಟೇ ಅದರ ಅರ್ಥ. ಈ ನಾಯಿಯೂ ಆ ಮಾತಿಗೆ ಬರುತ್ತದೆಂದು ನನಗೆ ಗೊತ್ತಿತ್ತು. ಆದರೂ ಹೇಳಿರಲಿಲ್ಲ. ಅಪ್ಪನೇ ಬಂದರೆಂದು ಅದು ತಿಳಿದುಬಿಟ್ಟರೆ?

ಕೋಟೆ ನೋಡಿಕೊಂಡು ಊಟದ ಹೊತ್ತಿಗೆ ಸಾದಲಿಗೆ ಹೋಗುವುದೆಂದು ಒಂದು ಭಾನುವಾರ ಕಾರಿನಲ್ಲಿ ಹೊರಟು, ಮೊದಲು ಶಿಡ್ಲಘಟ್ಟದಲ್ಲಿ ಇಳಿದೆವು. ಅಲ್ಲಿ ಕೋಟೆ ಎನ್ನುವುದು ಈಗ ಬೀದಿಗಳ ಹೆಸರು. ಹುಡುಕಿದರೂ ನಮಗೆ ಗೋಡೆ ಕಾಣಲಿಲ್ಲ. ರೇಷ್ಮೆಗೂಡು ಬೇಯುವ ವಾಸನೆಗೆ ನಾಯಿ ಮೂಗೆತ್ತಿ, ನಮ್ಮನ್ನು ಎಳೆದುಕೊಂಡು ಒಂದು ಟೀ ಅಂಗಡಿಯ ಮುಂದೆ ನಿಂತಿತು.

"ಅರೇ, ಮೇಷ್ಟ್ರ ನಾಯಿ ಅಲ್ವೇನಮ್ಮ ಇದು? ಮೇಷ್ಟ್ರೆಲ್ಲಿ?" ಎಂದರು ಅಂಗಡಿಯ ಮುದುಕರು.

ಹೇಳಿದೆ. ಅವರು ತೊಳೆದ ಲೋಟವನ್ನೇ ಮತ್ತೆ ತೊಳೆದರು.

"ಒಂದು ಬನ್ನು ತಗೊಂಡ್ರೆ ಅರ್ಧ ಅವ್ರಿಗೆ, ಅರ್ಧ ಇವ್ನಿಗೆ. 'ಏನ್ ಸಾಬ್ರೆ, ಕೋಟೆ ಕಲ್ಲೆಲ್ಲಾ ನಿಮ್ಮನೆ ಪಾಯಕ್ಕೆ ಹಾಕ್ಕೊಂಡ್ರಾ' ಅಂತ ನನ್ನ ರೇಗ್ಸೋರು." ನಕ್ಕರು. ಆಮೇಲೆ ನನ್ನ ಮುಖ ನೋಡಿ, "ಮಗಳನ್ನ ಒಂದ್ಸಲ ಕರ್ಕೊಂಡು ಬರ್ತೀನಿ ಅನ್ನೋರು. ನೀವೇನಾ?"

"ನಾನೇ" ಎಂದೆ. ಟೀ ಬಿಸಿಯಿತ್ತು, ಕುಡಿಯಲಾಗಲಿಲ್ಲ.

ಚಿಂತಾಮಣಿ ಕಡೆಯ ಅಂಬಾಜಿದುರ್ಗದಲ್ಲಿ ಹಗ್ಗ ಬಿಚ್ಚಿದ ಕೂಡಲೇ ನಾಯಿ ದಾರಿ ಕೇಳದೆ ಬೆಟ್ಟ ಹತ್ತಿತು. ನಾವು ಸೆರಗು, ಕನ್ನಡಕ ಸರಿಮಾಡಿಕೊಳ್ಳುತ್ತಾ ಹಳೆಯ ಕಲ್ಲಿನ ಬಾಗಿಲು ದಾಟುವ ಹೊತ್ತಿಗೆ ಅದು ಕುಸಿದ ಗೋಡೆಯ ಹೊರ ಅಂಚಿನಲ್ಲಿ ಕೂತಿತ್ತು. ಅದರ ಪಕ್ಕ ಒಬ್ಬರು ಕೂರುವಷ್ಟು ಸವೆದ, ನುಣುಪಾದ ಕಲ್ಲು. ಇಬ್ಬರೂ ಎಲ್ಲಿ ಕೂರುತ್ತಿದ್ದರೆಂದು ಯಾರೂ ಹೇಳಬೇಕಿರಲಿಲ್ಲ.

ಬಾ ಎಂದು ಕರೆದೆ. ಬಿಸ್ಕತ್ತು ತೋರಿಸಿದೆ. "ಕಮ್, ಕಮ್" ಎಂದೆ.

"ಕಾನ್ವೆಂಟ್ ಇಂಗ್ಲಿಷ್‌ಗೂ ಬಗ್ಗಲ್ವಲ್ಲೇ ನಿನ್ನ ತಮ್ಮ!" ಎಂದು ಯಜಮಾನರು ಛೇಡಿಸುತ್ತಿದ್ದಾಗಲೇ ಅದರ ಹಿಂಗಾಲಿನ ಕೆಳಗಿಂದ ಒಂದು ಕಲ್ಲು ಜಾರಿ ಕೆಳಗುರುಳಿತು. ಅದು ತಳ ಮುಟ್ಟಿದ ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿಸಿತು.

"ದಾರಾ, ಇಂಟಿಕಿ ಪೋದಾಂ!"

ಕೊನೆಯ ಮಾತನ್ನು ಅಪ್ಪ ಎಳೆಯುತ್ತಿದ್ದ ಹಾಗೆಯೇ ನನ್ನ ಬಾಯಿ ಎಳೆಯಿತು. ನಾಯಿ ಎದ್ದು ಓಡಿ ಬಂತು. ನನ್ನ ಸೀರೆಯನ್ನು ಸವರಿಕೊಂಡು ಮುಂದೆ ಹೋಗಿ, ಕೋಟೆಯ ಬಾಗಿಲಲ್ಲಿ ನಿಂತು ಕೆಳಗಿನ ದಾರಿ ನೋಡಿತು. ಬಾಲ ಆಡುತ್ತಿತ್ತು. ನಾನು ಹೆದರಿದ್ದು ಇದಕ್ಕೇ. ತಿರುಗಿ ಬಂದು ನನ್ನ ಕೈ ಮೂಸಿತು, ಮತ್ತೆ ಹೋಗಿ ನೋಡಿತು. ಬಾಲ ನಿಧಾನವಾಯಿತು.

ನಾನು ಹೊಸ್ತಿಲ ಕಲ್ಲಿನ ಮೇಲೆ ಕೂತೆ. ಅದೂ ಬಂದು ನನ್ನ ಮೊಣಕಾಲಿಗೆ ಒರಗಿ ಕೂತಿತು. ಇಬ್ಬರೂ ಅದೇ ದಾರಿಯತ್ತ ಮುಖಮಾಡಿದ್ದೆವು.

"ಹೊರಡಣ್ವಾ? ಸಾದಲೀಲಿ ಊಟಕ್ಕೆ ಕಾಯ್ತಿರ್ತಾರೆ."

"ರೀ, ನಾನು ಇದಕ್ಕೆ ಮನೆಗೆ ಹೋಗಣ ಅಂತ ಹೇಳ್ಬಿಟ್ಟಿದೀನಿ."

ಅವರು ನನ್ನನ್ನೂ ನಾಯಿಯನ್ನೂ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಫೋನು ಹಿಡಿದು ಅತ್ತ ಹೋದರು. "ಇಲ್ಲ ಚಿಕ್ಕಪ್ಪ, ಇವತ್ತು ಬರಲ್ಲ. ನಾಯಿನಾ? ಇಲ್ಲ ಇಲ್ಲ, ನಮ್ಮಲ್ಲೇ ಇರುತ್ತೆ."

ಕಾರು ಚಿಕ್ಕಬಳ್ಳಾಪುರದ ಕಡೆ ತಿರುಗಿದಾಗ ನಾಯಿ ಹಿಂದಿನ ಗಾಜಿಗೆ ಮೂಗೊತ್ತಿ, ಬೆಟ್ಟ ಮರೆಯಾಗುವವರೆಗೂ ನೋಡುತ್ತಿತ್ತು. ನಾನೂ ಹಿಂದಕ್ಕೆ ತಿರುಗಿಯೇ ಕೂತಿದ್ದೆ.