ನಾನು ಅರ್ಥ ಹೇಳಿದ ಪದ

ಕಳೆದ ವಾರ ಶಿವಾಜಿನಗರದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯ ಮುಂದೆ ಹಾದುಹೋಗುವಾಗ ಮಿಷನ್ ಎಣ್ಣೆಯ ವಾಸನೆ ಬಂತು. ಹಲಸೂರಿನ ನಮ್ಮ ವಠಾರದಲ್ಲಿದ್ದ ಟೈಲರ್ ಅಕ್ಕ ನೆನಪಾದರು.

ಗಂಡ ತೀರಿಕೊಂಡ ಮೇಲೆ ಅಕ್ಕ ಶಾಲಾ ಮಕ್ಕಳ ಯೂನಿಫಾರಂ ಹೊಲಿದು ಬದುಕುತ್ತಿದ್ದರು. ಅವರ ಆರು ವರ್ಷದ ಮಗಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಮಿಷನ್ನಿನ ಹಲಗೆಗೆ ಕೆನ್ನೆಯೊತ್ತಿ ಅದರ ಸದ್ದಿಗೆ ಸರಿಯಾಗಿ ಗುನುಗುತ್ತಿದ್ದಳು. ಬಾಬಿನ್ನಿನ ದಾರ ಇನ್ನೇನು ಮುಗಿಯುತ್ತದೆ ಎನ್ನುವುದು ಅಕ್ಕನಿಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು...

ಒಂದು ಸಂಜೆ ಅಕ್ಕ ಆಸ್ಪತ್ರೆಯ ಚೀಟಿ ಹಿಡಿದು ಬಂದರು. ವಠಾರದಲ್ಲಿ ಕಾಲೇಜಿಗೆ ಹೋಗುತ್ತಿದ್ದವಳು ನಾನೊಬ್ಬಳೇ. ‘ಚೈಲ್ಡ್‌ಹುಡ್ ಸ್ಕಿಜೋಫ್ರೇನಿಯಾ’ ಎಂದು ಬರೆದಿತ್ತು. ನಿಘಂಟು ತಿರುವಿದೆ.

“ಹಂಗಂದ್ರೆ ಏನಮ್ಮಾ?”

“ಚಿಕ್ಕ ಮಕ್ಕಳಿಗೆ ಬರೋ ಹುಚ್ಚು ಅಕ್ಕ,” ಅಂದೆ. ಓದಿದವಳೆಂಬ ಬಿಂಕ ಬೇರೆ.

ಮರುವಾರವೇ ಅಕ್ಕ ಮಗಳಿಗೆ ಶಾಲೆ ಬಿಡಿಸಿದರು. ಶಾಲೆಯ ಮಿಸ್ಸು ಎರಡು ಸಲ ಮನೆಬಾಗಿಲಿಗೆ ಬಂದು ಕೇಳಿದರೂ ಕಳಿಸಲಿಲ್ಲ. ಮಾತ್ರೆ ಶುರುವಾಯಿತು. ಹುಡುಗಿ ದಿನವಿಡೀ ಜೊಲ್ಲು ಸುರಿಸುತ್ತ ಗೋಡೆಗೊರಗಿ ತೂಕಡಿಸತೊಡಗಿದಳು. ‘ಹುಚ್ಚಿ’ ಎಂದು ವಠಾರದ ಮಕ್ಕಳು ಕೂಗುತ್ತಿದ್ದರು. ಅವರಿಗೆ ಆ ಪದ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ಮದುವೆಯಾಗಿ ನಾನು ಲಿಂಗರಾಜಪುರಕ್ಕೆ ಹೋದೆ, ಟೀಚರಾದೆ. ಬಹಳ ವರ್ಷಗಳ ನಂತರ ನಮ್ಮ ಶಾಲೆಗೆ ತರಬೇತಿ ಕೊಡಲು ಬಂದ ಡಾಕ್ಟರೊಬ್ಬರು, ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹಿಂದೆ ಅದೇ ಹೆಸರು ಬರೆಯುತ್ತಿದ್ದರು, ಅದು ಹುಚ್ಚಲ್ಲ ಎಂದರು. ಅಂದೇ ಹಲಸೂರಿಗೆ ಓಡಿದೆ. ಮಗಳಿಗೆ ಆಗಲೇ ಮೂವತ್ತು ದಾಟಿತ್ತು.

ಅಕ್ಕ ಹೊಲಿಗೆ ನಿಲ್ಲಿಸಿ ಎಲ್ಲ ಕೇಳಿಸಿಕೊಂಡರು.

“ಅವತ್ತು ಹುಚ್ಚು ಅಂದೋಳೂ ನೀನೇ. ಇವತ್ತು ಅಲ್ಲ ಅಂತಿರೋಳೂ ನೀನೇ. ನಿನ್ ಮಾತು ಕೇಳಿ ಇಸ್ಕೂಲ್ ಬಿಡಿಸಿದ್ನಲ್ಲ, ಅದಕ್ಕೇನ್ ಮಾಡ್ಲಿ?” ಎಂದರು. ಮತ್ತೆ ಮಿಷನ್ ತುಳಿಯತೊಡಗಿ, “ಇನ್ಮೇಲೆ ಬರ್ಬೇಡ” ಎಂದರು.

ಹೋಗಲಿಲ್ಲ. ಬೇರೆ ಡಾಕ್ಟರಿಗೆ ತೋರಿಸೋಣ ಎಂದಾದರೂ ಹೇಳಬಹುದಿತ್ತು... ಹೇಳಲಿಲ್ಲ. ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಸುದ್ದಿ ತಿಳಿದದ್ದೂ ತಡವಾಗಿ.

ಮೊನ್ನೆ, ಅಕ್ಕನ ಮಗಳನ್ನು ಸೇರಿಸಿರುವ ಕೆ.ಆರ್. ಪುರದಾಚೆಯ ಆಶ್ರಮವನ್ನು ಹುಡುಕಿಕೊಂಡು ಹೋದೆ. ತಲೆಗೂದಲು ಕತ್ತರಿಸಿದ, ನರೆತ ಹೆಂಗಸೊಬ್ಬಳು ಬೆಂಚಿನ ಮೇಲೆ ತೂಕಡಿಸುತ್ತಿದ್ದಳು. ಅವಳೇ ಎಂದು ಮೇಲ್ವಿಚಾರಕಿ ತೋರಿಸಿದರು. ಫೈಲಿನಲ್ಲಿ ಇನ್ನೂ ಅದೇ ಹೆಸರು. ಅದು ಹಳೇ ಪದ, ಮತ್ತೆ ಪರೀಕ್ಷೆ ಮಾಡಿಸಿ ಎಂದೆ.

“ಅದಕ್ಕೆ ಮನೆಯವ್ರ ಸಹಿ ಬೇಕು ಮೇಡಂ. ನೀವು ಇವ್ರಿಗೆ ಏನಾಗ್ಬೇಕು?”

“ಪಕ್ಕದ್ಮನೆಯವಳು,” ಅಂದೆ.

ಆಕೆ ಫೈಲು ಮುಚ್ಚಿ ಬೀರುವಿನಲ್ಲಿಟ್ಟರು.