ಸೂರತ್ ಸ್ಟೇಷನ್ನಿನ ಊಟದ ಪೊಟ್ಟಣ

ತೊಂಬತ್ತರ ದಶಕದ ಕೊನೆಯಲ್ಲಿ ಅಹಮದಾಬಾದ್, ವಡೋದರಾ, ಸೂರತ್‌ಗಳ ಕೆಲವು ಕನ್ನಡ ಕುಟುಂಬಗಳಿಗೆ ಒಂದು ಇ-ಮೇಲ್ ಗುಂಪಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ನಾನು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಕಂಪ್ಯೂಟರ್ ಇತ್ತು, ನನ್ನ ಅರ್ಹತೆ ಅಷ್ಟೇ. ಗುಂಪು ಹುಟ್ಟಿದ್ದು ಊಟಕ್ಕಾಗಿ. ಊರಿನಿಂದ ಯಾರಾದರೂ ರೈಲಿನಲ್ಲಿ ಬರುವುದಿದ್ದರೆ ಗಾಡಿ, ಬೋಗಿ, ಸೀಟಿನ ನಂಬರು ಬರೆದು ಹಾಕುತ್ತಿದ್ದರು. ಸೂರತ್‌ನಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದವರೊಬ್ಬರು ಆ ಕಿಟಕಿಗೆ ಚಿತ್ರಾನ್ನ, ಮೊಸರನ್ನದ ಪೊಟ್ಟಣ ತಂದುಕೊಡುತ್ತಿದ್ದರು. ಆಯಿತು ಎಂದು ಉತ್ತರ ಬರೆಯುವ ರೂಢಿ ಅವರಿಗಿರಲಿಲ್ಲ. ಪೊಟ್ಟಣ ಮಾತ್ರ ಒಮ್ಮೆಯೂ ತಪ್ಪಿರಲಿಲ್ಲ.

ಒಂದು ಚುನಾವಣೆಯ ಹೊತ್ತಿಗೆ ರಾಜಕೀಯ ಒಳಗೆ ಬಂತು. ವಡೋದರಾದ ಮಂಜಲ್‌ಪುರದಲ್ಲಿದ್ದ, ಧಾರವಾಡ ಕಡೆಯ ಬ್ಯಾಂಕ್ ನೌಕರರೊಬ್ಬರು ಯೂನಿಯನ್ನಿನವರು. ಖಾಸಗೀಕರಣದ ವಿರುದ್ಧ ಉದ್ದುದ್ದ ಬರೆದರು. ಹೋಟೆಲಿನವರದು ಎದುರು ಪಕ್ಷ, ಉಳಿದವರಲ್ಲಿ ಹೆಚ್ಚಿನವರು ಅವರ ಕಡೆಗೆ. ಕೆಲವೇ ವಾರಗಳಲ್ಲಿ ಆ ಒಬ್ಬರು ‘ಕಾಮ್ರೇಡ್’ ಆದರು, ಇವರೆಲ್ಲ ‘ಚಡ್ಡಿಗಳು’ ಆದರು.

“ಮೊದ್ಲ ಚಡ್ಡಿ ಒಗದು ಒಣಗ ಹಾಕಿ ಬರ್ರಿ, ಆಮ್ಯಾಲೆ ಮಾತಾಡೂಣು,” ಎಂದು ಬ್ಯಾಂಕಿನವರು ಬರೆದರು.

“ಕಾಮ್ರೇಡರಿಗೆ ಇನ್ನು ಊಟ ಮಾಸ್ಕೋದಿಂದಲೇ ಬರಲಿ ಮಾರಾಯ್ರೆ,” ಎಂದು ಹೋಟೆಲಿನವರು ಉತ್ತರಿಸಿದರು.

ಗಲಾಟೆ ನಿಲ್ಲಿಸಿ ಎಂದು ನಾಲ್ಕಾರು ಜನ ನನಗೆ ಫೋನ್ ಮಾಡಿದರು. ಬ್ಯಾಂಕಿನವರ ಪತ್ರಗಳು ನಾನು ಒಪ್ಪಿದ ಮೇಲಷ್ಟೇ ಎಲ್ಲರಿಗೂ ಹೋಗುವಂತೆ ಮಾಡಿದೆ. ಅವರೊಬ್ಬರದು ಮಾತ್ರ. ಇನ್ನೊಂದು ಕಡೆ ಜನ ಹೆಚ್ಚಿದ್ದರು, ಅವರನ್ನು ತಡೆಯುವ ಧೈರ್ಯ ನನಗಿರಲಿಲ್ಲ. ಬ್ಯಾಂಕಿನವರಿಗೆ ಈ ವಿಷಯ ತಿಳಿಸಲಿಲ್ಲ. ಗುಂಪು ತಣ್ಣಗಾಯಿತು.

ತಡೆದಿಟ್ಟ ಪತ್ರಗಳನ್ನು ನಾನು ಶನಿವಾರಗಳಂದು ನೋಡುತ್ತಿದ್ದೆ. ಅಂಥ ಒಂದು ಶನಿವಾರ ಅವರದೊಂದು ಚಿಕ್ಕ ಪತ್ರವಿತ್ತು. ಬುಧವಾರ ಬರೆದದ್ದು. “ಅವ್ವ ಒಬ್ಬಾಕಿನ ಬರಾಕತ್ಯಾಳ. ಸಕ್ಕರಿ ಜಡ್ಡು ಐತಿ. ಶುಕ್ರವಾರ ಮಧ್ಯಾಹ್ನ ಸೂರತ್‌ನ್ಯಾಗ ಊಟ ಕೊಟ್ರ ಭಾಳ ಉಪಕಾರ.” ಕೆಳಗೆ ಬೋಗಿ, ಸೀಟಿನ ನಂಬರು. ಗಾಡಿ ಹಿಂದಿನ ದಿನವೇ ಸೂರತ್ ದಾಟಿತ್ತು.

ನಾನು ಮೊದಲು ಸೂರತ್‌ಗೆ ಫೋನ್ ಮಾಡಿದೆ.

“ನಂಗೆ ಯಾವ ಮೆಸೇಜೂ ಬರ್ಲಿಲ್ಲ,” ಎಂದರು ಹೋಟೆಲಿನವರು. “ಬಂದಿದ್ರೆ ಕೊಡದೆ ಇರ್ತಿದ್ನಾ? ಮಾಸ್ಕೋ ಅಂದದ್ದು ತಮಾಷೆಗೆ. ಮೊಸರನ್ನ ಕೊಡುವಾಗ ನಾನು ಯಾರ ಹತ್ರ ಆದ್ರೂ ಓಟು ಕೇಳಿದ್ದುಂಟಾ?”

ಮರುದಿನ ಮಂಜಲ್‌ಪುರಕ್ಕೆ ಹೋದೆ. ಊಟ ಬರುತ್ತದೆಂದು ಆ ತಾಯಿ ಸೂರತ್ ಬರುವ ಮೊದಲೇ ಮಾತ್ರೆ ನುಂಗಿದ್ದರು. ಗಾಡಿ ಬಿಟ್ಟ ಮೇಲೆ ಬೆವರಿ ಸೀಟಿನ ಮೇಲೆ ವಾಲಿದರು. ಎದುರಿಗಿದ್ದ ಗುಜರಾತಿ ಹೆಂಗಸು ಸಕ್ಕರೆ ಹಾಕಿದ ಚಹಾ ಕುಡಿಸಿ, ತನ್ನ ಬುತ್ತಿಯ ಥೇಪ್ಲಾ ರೊಟ್ಟಿ ತಿನ್ನಿಸಿ ಉಳಿಸಿದ್ದಳು. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಈಗ ಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. “ಬರ್ರಿ ಯಪ್ಪಾ, ಚಾ ಕುಡೀರಿ,” ಎಂದು ನನ್ನನ್ನು ಕರೆದರು.

“ಅಂದಂಗ ಮಾಡಿ ತೋರ್ಸಿದ್ರು ನೋಡ್ರಿ ನಿಮ್ಮ ಹೋಟೆಲ್‌ನವ್ರು,” ಎಂದರು ಮಗ.

“ಅವರಿಗೆ ಪತ್ರ ತಲುಪಿರಲಿಲ್ಲ. ತಡವಾಯಿತು,” ಎಂದೆ.

ತಡೆದವನು ನಾನು ಎನ್ನಬೇಕಿತ್ತು. ಅವರ ತಾಯಿ ಚಹಾ ಲೋಟ ಚಾಚಿ ನನ್ನ ಮುಖ ನೋಡುತ್ತಿದ್ದರು. ಎನ್ನಲಿಲ್ಲ.

“ಅವ್ರ ತಪ್ಪು ಮುಚ್ಚಾಕ ಹೋಗಬ್ಯಾಡ್ರಿ,” ಎಂದರು ಮಗ. “ಮುಂದಿನ ತಿಂಗಳ ಎರಡನೇ ಬುಧವಾರ ಅವ್ವನ್ನ ವಾಪಸ್ ಕಳಸ್ತೀನಿ. ಬುತ್ತಿ ನಾವ ಕಟ್ಟತೇವಿ.”

ಅಹಮದಾಬಾದಿಗೆ ಮರಳಿ ತಡೆಯನ್ನು ತೆಗೆದುಹಾಕಿದೆ. ಬ್ಯಾಂಕಿನವರಿಂದ ಮತ್ತೆ ಪತ್ರ ಬರಲಿಲ್ಲ. ಆ ಬುಧವಾರದ ಗಾಡಿಯನ್ನು ಹೋಟೆಲಿನವರಿಗೆ ನಾನೇ ತಿಳಿಸಿದೆ. ಬೋಗಿ ಯಾವುದೆಂದು ನನಗೆ ಗೊತ್ತಿರಲಿಲ್ಲ.

ಆ ಬುಧವಾರ ಸಂಜೆ ಹೋಟೆಲಿನವರು ಫೋನ್ ಮಾಡಿದರು. ಕಿಟಕಿ ಕಿಟಕಿಯಲ್ಲಿ ಕನ್ನಡದಲ್ಲಿ ಕೂಗುತ್ತಾ ಹೋಗಿ ಆ ತಾಯಿಯನ್ನು ಹುಡುಕಿದ್ದರಂತೆ.

“ಸೂರತ್ ಹೋಟೆಲಿನವ ಅಂತ ಹೇಳಿದೆ. ಅಜ್ಜಿ ಕೈ ಮುಗಿದ್ರು. ‘ಇಸ್ಕೋಬ್ಯಾಡ ಅಂದಾನ್ರಿ ಮಗ’ ಅಂದ್ರು. ನಾನೆಂತ ಮಾಡಿದ್ದೆ ಅವ್ರಿಗೆ?”

ಅವರ ಹಿಂದೆ ಹೋಟೆಲಿನಲ್ಲಿ ಯಾರೋ ಎರಡು ಮಸಾಲೆ ದೋಸೆ ಎಂದು ಕೂಗಿದರು. “ಪೊಟ್ಟಣ ಇಲ್ಲೇ ಉಂಟು,” ಎಂದು ಅವರು ಫೋನ್ ಇಟ್ಟರು.