ಮೂಡಲಗಿಯಲ್ಲಿ ಎದ್ದು ನಿಂತವರು

ಕೋವಿಡ್ ನಿರ್ಬಂಧಗಳು ತೆರವಾದ ಮರುವರ್ಷ ನಾನು ಗೋಕಾಕದಲ್ಲಿದ್ದುಕೊಂಡು ಒಂದು ಜಿಲ್ಲಾ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದೆ. ನಮ್ಮ ಭಾಗದ ಚಿತ್ರಸಮಾಜವನ್ನು, ಅಂದರೆ ಫಿಲ್ಮ್ ಸೊಸೈಟಿಯನ್ನು, ನಡೆಸುತ್ತಿದ್ದವರು ಬಟ್ಟೆ ವ್ಯಾಪಾರಿ ರಾಜೇಸಾಬ್. ಆ ವರ್ಷ ಅವರು ಐರ್ಲೆಂಡಿನ ಒಂದು ಪ್ರಯೋಗಾತ್ಮಕ ಚಿತ್ರ ತರಿಸಿ ಊರೂರಲ್ಲಿ ತೋರಿಸಿದರು. ಅದನ್ನು ಕೆಲವು ವಿಮರ್ಶಕರು ಧ್ಯಾನವೆಂದು ಹೊಗಳಿದ್ದರು, ಉಳಿದವರು ನಿದ್ದೆಯ ಮಾತ್ರೆ ಎಂದಿದ್ದರು. ಜಗಳವೆಲ್ಲ ಒಂದು ಲಾಂಗ್ ಟೇಕ್ ಕುರಿತು, ಅಂದರೆ ಎಲ್ಲೂ ಕತ್ತರಿಸದೆ ತೋರಿಸುವ ದೃಶ್ಯದ ಕುರಿತು. ಒಬ್ಬ ಮುದುಕನ ಮುಖ. ಸದ್ದಿಲ್ಲ, ಅಲುಗಾಟವಿಲ್ಲ.

ಗೋಕಾಕದಲ್ಲಿ ಆ ದೃಶ್ಯಕ್ಕೆ ಅರ್ಧ ಸಭಾಂಗಣ ಖಾಲಿಯಾಯಿತು. ಹುಕ್ಕೇರಿಯಲ್ಲಿ ಪ್ರೊಜೆಕ್ಟರ್ ಕೆಟ್ಟಿತೆಂದು ಕೂಗಾಡಿದರು. ಮೂಡಲಗಿಯಲ್ಲೂ ಜನ ಎದ್ದುಹೋದರೆ ಚಿತ್ರಸಮಾಜವನ್ನೇ ಮುಚ್ಚುವುದಾಗಿ ಅದರ ಅಧ್ಯಕ್ಷರು ರಾಜೇಸಾಬರಿಗೆ ಹೇಳಿಬಿಟ್ಟಿದ್ದರು. ಆ ದಿನ ಅಧ್ಯಕ್ಷರೇ ಬಂದು ಹಿಂದಿನ ಸಾಲಿನಲ್ಲಿ ಕುಳಿತರು.

ಅಲ್ಲಿನ ಪ್ರದರ್ಶನ ಸಮುದಾಯ ಭವನದಲ್ಲಿ. ಊರಿನ ಶೋಕಸಭೆಗಳು ನಡೆಯುತ್ತಿದ್ದುದೂ ಅಲ್ಲೇ, ಅದೇ ಪರದೆಯ ಮೇಲೆ ತೀರಿಕೊಂಡವರ ಫೋಟೊ ಹಾಕಿ. ಮುದುಕನ ಮುಖ ಮೂಡಿ ಸದ್ದು ನಿಂತಾಗ, ಮುಂದಿನ ಸಾಲಿನಲ್ಲಿದ್ದ ಕಲ್ಲೋಳಿಯ ಹಿರಿಯ ರೈತ ಭೀಮಪ್ಪ ಎದ್ದು ಕೈಮುಗಿದು ನಿಂತರು. ಅವರನ್ನು ನೋಡಿ ಒಬ್ಬೊಬ್ಬರಾಗಿ ಇಡೀ ಸಭಾಂಗಣ ಎದ್ದಿತು. ಅಧ್ಯಕ್ಷರೂ ನಿಂತರು. ಮೌನಾಚರಣೆಯ ನಡುವೆ ನಮ್ಮ ಕಡೆ ಯಾರೂ ಹೊರಗೆ ಹೋಗುವುದಿಲ್ಲ. ಸುಮ್ಮನಿದ್ದರೆ ಸಮಾಜ ಉಳಿಯುತ್ತಿತ್ತು. ನಾನು ರಾಜೇಸಾಬರ ತೋಳು ಹಿಡಿದೆ. ಅವರು ಬಿಡಿಸಿಕೊಂಡು ಮೈಕಿನತ್ತ ಹೋದರು.

“ತೀರಕೊಂಡವ್ರ ಫೋಟೊ ಅಲ್ರಿ ಇದು, ಸಿನಿಮಾನ ಐತಿ. ಕುಂದರ್ರಿ. ಬ್ಯಾಡಾದವ್ರು ಹೋಗಬಹುದು.”

ನಗೆ ಎದ್ದಿತು. ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಬಂದವರೆಲ್ಲ ಇನ್ನು ಮನೆಗೆ ನಡೆಯಿರಿ ಎಂದು ಯಾರೋ ಚೇಷ್ಟೆ ಮಾಡಿದರು. ಅನೇಕರು ಬಾಗಿಲಿನತ್ತ ಹೊರಟರು. ಭೀಮಪ್ಪ ಕದಲಲಿಲ್ಲ.

“ರಾಜೇಸಾಬ, ಆ ಮುದುಕನ ಮನ್ಯಾಗ ಯಾರರ ಸತ್ತಾರೇನ?”

“ಗೊತ್ತಿಲ್ರಿ ಕಾಕಾ. ಸಿನಿಮಾದಾಗ ಹೇಳಿಲ್ಲ.”

“ಹಂಗಾರ ಹೇಳೂಮಟಾ ನಿಂದರತೀನಿ ತಗೋ.”

ಚಿತ್ರ ಕೊನೆಗೂ ಹೇಳಲಿಲ್ಲ. ಆ ಮುಖ ಪರದೆಯಿಂದ ಮರೆಯಾಗುವವರೆಗೆ ಭೀಮಪ್ಪ ನಿಂತೇ ಇದ್ದರು, ಅವರೊಂದಿಗೆ ಇನ್ನೂ ಕೆಲವರು.

ಅಧ್ಯಕ್ಷರು ಮಾತಿನಂತೆ ಸಮಾಜವನ್ನು ಮುಚ್ಚಿದರು. ಆ ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಬರೆಯಲಿಲ್ಲ. ಭವನದಲ್ಲಿ ನಡೆದದ್ದನ್ನು ನಡೆದಂತೆ ಬರೆದುಕೊಟ್ಟೆ. ತಪ್ಪು ತಿಳಿವಳಿಕೆಯಿಂದ ಬಂದ ಗೌರವವನ್ನು ಹಿಂದಿರುಗಿಸಲೇಬೇಕು ಎಂಬುದನ್ನು ನನಗೆ ಕಲಿಸಿದವರು ರಾಜೇಸಾಬ್. ಹಿಂದಿರುಗಿಸಿದ ಮೇಲೂ ಯಾರು ನಿಂತಿದ್ದಾರೆಂದು ನೋಡಿ ಬರೆಯುವುದು ವಿಮರ್ಶಕನ ಕೆಲಸ.